ಕುಂಬ್ರ ರಸ್ತೆಯಲ್ಲಿ ನಡೆಯಲು ಬಿಡದವರು

ಪುತ್ತೂರಿನ ಡಾಕ್ಟರು ರಕ್ತದ ರಿಪೋರ್ಟನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು. ನಾನು ಹತ್ತನೇ ತರಗತಿ ಪಾಸಾದದ್ದು ಮದುವೆಯಾದ ಮೇಲೆ. ಅಂದಿನಿಂದ ಸಿಕ್ಕಿದ ಕಾಗದವನ್ನೆಲ್ಲ ಓದುವ ಅಭ್ಯಾಸ. ಟ್ರೈಗ್ಲಿಸರೈಡ್ ಎಂಬ ಶಬ್ದವನ್ನು ಅಕ್ಷರ ಕೂಡಿಸಿ ಓದಿದೆ. ಅದು ರಕ್ತದಲ್ಲಿರುವ ಒಂದು ಬಗೆಯ ಕೊಬ್ಬಂತೆ. ನನ್ನಲ್ಲಿ ಅದೂ ಹೆಚ್ಚು, ಕೆಟ್ಟ ಕೊಲೆಸ್ಟ್ರಾಲೂ ಹೆಚ್ಚು. ಒಳ್ಳೆಯದು ಮಾತ್ರ ಕಡಿಮೆ.

"ಮಾತ್ರೆ ಕೊಡ್ತೇನೆ. ಆದ್ರೆ ನಿಮ್ಮ ಏದುಸಿರಿಗೆ ಅದು ಸಾಕಾಗುದಿಲ್ಲ. ಬೆವರು ಬರುವ ಹಾಗೆ ದಿನಾ ನಡೀಬೇಕು" ಎಂದರು.

ಏದುಸಿರೇ ನನ್ನ ದೊಡ್ಡ ಚಿಂತೆ. ಮಗಳ ಮನೆ ಇಚಿಲಂಪಾಡಿಯಲ್ಲಿ, ಗುಡ್ಡದ ಮೇಲೆ. ಜೀಪು ಕೆಳಗೇ ನಿಲ್ಲುತ್ತದೆ. ಹಿಂದಿನ ಸಲ ಅರ್ಧ ಹತ್ತಿ ಕಲ್ಲಿನ ಮೇಲೆ ಕೂತ ನನ್ನನ್ನು ಅಳಿಯ ಇಳಿದು ಬಂದು ಕೈ ಹಿಡಿದು ಕರೆದುಕೊಂಡು ಹೋದ. ಹೀಗೇ ಆದರೆ ಮಗಳ ಮನೆಗೆ ಹೋಗುವುದೇ ನಿಂತೀತು ಎಂದು ಹೆದರಿದ್ದೆ.

ಮರುದಿನ ಬೆಳಿಗ್ಗೆ ಕೆದಂಬಾಡಿಯ ನಮ್ಮ ಮನೆಯಿಂದ ಕುಂಬ್ರದ ಕಡೆಗೆ ಹೊರಟೆ. ಮೊದಲ ತಿರುವು ದಾಟುವುದರೊಳಗೆ ಹಾಲಿನ ಸೊಸೈಟಿಗೆ ಹೋಗುತ್ತಿದ್ದ ನೆರೆಮನೆಯವರು ಸ್ಕೂಟರ್ ನಿಲ್ಲಿಸಿದರು.

"ಎಂತ ಮಾರಾಯ್ರೆ, ಈ ಪ್ರಾಯದಲ್ಲಿ ನಡ್ಕೊಂಡು? ಹತ್ತಿ!"

"ಇಲ್ಲ, ನಾನು ನಡೀಲಿಕ್ಕೇ ಬಂದದ್ದು."

"ಯಾಕೆ, ನಮ್ಮ ಗಾಡಿ ಆಗುದಿಲ್ವಾ ನಿಮಗೆ?"

ಹತ್ತಿದೆ. ನಮ್ಮಲ್ಲಿ ಗುರುತಿನವರನ್ನು ರಸ್ತೆಯಲ್ಲಿ ನಡೆಯಲು ಬಿಟ್ಟು ಮುಂದೆ ಹೋದರೆ ಅದು ಮರ್ಯಾದೆಯಲ್ಲ. ಹತ್ತದಿದ್ದರೆ ಇನ್ನೂ ಕಷ್ಟ. ಒಂದು ದಿನ ಗಟ್ಟಿ ಮನಸ್ಸು ಮಾಡಿ ಎಲ್ಲರಿಗೂ ಬೇಡ ಎಂದೆ. ನಾನು ಮನೆ ಮುಟ್ಟುವ ಮೊದಲೇ ಯಾರೋ ಹೆಂಡತಿಗೆ ಫೋನ್ ಮಾಡಿ, "ಮನೆಯಲ್ಲಿ ಎಂತಾದ್ರೂ ಜಗಳ ಉಂಟಾ? ಅವರು ಮುಖ ಗಂಟು ಹಾಕಿ ಹೋಗ್ತಾ ಇದ್ರು" ಎಂದು ಕೇಳಿದ್ದರು. ಉಳಿದ ದಿನಗಳಲ್ಲಿ ಸ್ಕೂಟರೋ ಪಿಕಪ್ಪೋ ನನ್ನನ್ನು ಕುಂಬ್ರಕ್ಕೆ ಮುಟ್ಟಿಸುತ್ತಿತ್ತು. ಇಳಿಸಿದವರ ಜೊತೆ ಚಹಾ, ಚಹಾದ ಜೊತೆ ಎಣ್ಣೆಯಲ್ಲಿ ಕರಿದ ಗೋಳಿಬಜೆ. ಮುಂದಿನ ಪರೀಕ್ಷೆಯಲ್ಲಿ ಮಾತ್ರೆಯಿಂದಾಗಿ ಕೆಟ್ಟ ಕೊಲೆಸ್ಟ್ರಾಲ್ ಇಳಿದಿತ್ತು. ಟ್ರೈಗ್ಲಿಸರೈಡ್ ಮಾತ್ರ ಏರಿತ್ತು.

ರಿಪೋರ್ಟು ನೋಡಿ ಹೆಂಡತಿ ನಕ್ಕಳು. ಅವಳು ಭಜನಾ ಮಂದಿರದ ಕುಣಿತ ಭಜನೆ ತಂಡದಲ್ಲಿದ್ದಾಳೆ; ತಾಳ ಹಾಕಿ ಹಾಡುತ್ತ ಸುತ್ತು ಕಟ್ಟಿ ಕುಣಿಯುವುದು.

"ಅಭ್ಯಾಸಕ್ಕೆ ಬನ್ನಿ. ಅಲ್ಲಿ ನಿಮ್ಮನ್ನು ಯಾರೂ ಗಾಡಿಯಲ್ಲಿ ಕೂರಿಸುದಿಲ್ಲ."

ಹೆಂಗಸರು, ಮಕ್ಕಳ ನಡುವೆ ಕುಣಿಯಲು ನಾಚಿಕೆಯಾಯಿತು. ಆದರೂ ಹೋದೆ. ಹೇಳಿಕೊಡುವವಳು ಟೈಲರಿಂಗ್ ಮಾಡುವ ಹುಡುಗಿ. ತಾಳ ನನ್ನ ಕೈಗಿಟ್ಟು, "ಮಾವ, ನೀವು ಒಳಗಿನ ಸುತ್ತಿನಲ್ಲಿ ನಿಲ್ಲಿ. ದಮ್ಮು ಹತ್ತಿದ್ರೆ ಕಾಲು ನಿಧಾನ ಮಾಡಿ, ನಿಲ್ಲಿಸ್ಬೇಡಿ" ಎಂದಳು. ಮೊದಲ ಹಾಡಿಗೇ ಅಂಗಿ ಒದ್ದೆ. ಹೆಜ್ಜೆ ತಪ್ಪಿ ಹೆಂಡತಿಗೇ ಡಿಕ್ಕಿ ಹೊಡೆದೆ.

"ಬ್ರೇಕ್ ಉಂಟಾ ನಿಮಗೆ?" ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ, ಕೊನೆಯ ಮಂಗಳ ಹಾಡುವವರೆಗೂ ಕೂರದೆ ಕುಣಿಯುವಂತಾದೆ. ಆಗ ತೆಗೆಸಿದ ರಕ್ತದಲ್ಲಿ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿದಿತ್ತು, ಒಳ್ಳೆಯ ಕೊಲೆಸ್ಟ್ರಾಲ್ ತುಸು ಏರಿತ್ತು. ಮಾತ್ರೆ ಬಿಡಬಾರದು, ಕುಣಿತವನ್ನೂ ಬಿಡಬಾರದು ಎಂದರು ಡಾಕ್ಟರು.

ಆ ವಾರವೇ ಇಚಿಲಂಪಾಡಿಗೆ ಹೋದೆವು. ನಿಧಾನವಾಗಿ, ಆದರೆ ಎಲ್ಲೂ ಕೂರದೆ ಗುಡ್ಡ ಹತ್ತಿದೆ. ಅಂಗಳ ಗುಡಿಸುತ್ತಿದ್ದ ಮಗಳು ತಲೆ ಎತ್ತಿದಳು.

"ಅಪ್ಪ! ಫೋನ್ ಮಾಡಿದ್ರೆ ಇವರು ಕೆಳಗೆ ಬರ್ತಿದ್ರಲ್ಲ!"

ನೀರು ಕೊಡು ಎಂದೆ. ಅಷ್ಟು ಮಾತಾಡುವಷ್ಟು ಉಸಿರು ಉಳಿದಿತ್ತು.