ಶೋಬಾನೆಯ ಕೊನೆಯ ಪದ

ಅಥವಾ ಅದು ಗುರುವಾರವೇ ಇರಬಹುದು. ನನ್ನ ನೆನಪಿನಲ್ಲಿ ಮಡಿಕೇರಿಯ ಬಸ್ ನಿಲ್ದಾಣದಿಂದ ಮಾರ್ಕೆಟ್ ತನಕ ಜನ, ಗೋಣಿಚೀಲ, ಟೊಮೆಟೊ ಬುಟ್ಟಿ ಇವೆ. ಅಂದರೆ ಸಂತೆ, ಅಂದರೆ ಶುಕ್ರವಾರ. ಅಕ್ಕ ಗುರುವಾರ ಎನ್ನುತ್ತಾಳೆ. ಭಾನುವಾರದ ತನ್ನ ಮಗಳ ಮದುವೆಗೆ ಸರಿಯಾಗಿ ಹತ್ತು ದಿನ ಬಾಕಿ ಇತ್ತು, ತಾನು ಬೆರಳು ಮಡಚಿ ಲೆಕ್ಕ ಹಾಕಿದ್ದೆ ಎನ್ನುತ್ತಾಳೆ. ಹಾಗಾದರೆ ಬೇರೆ ಯಾವುದೋ ಸಂತೆಯ ಜನರನ್ನು ತಂದು ನಾನು ಆ ದಿನದೊಳಗೆ ತುಂಬಿದ್ದೇನೆ. ಇದೇನೂ ಹೊಸದಲ್ಲ. ಇದಕ್ಕಿಂತ ದೊಡ್ಡದಾದ ನನ್ನದೊಂದು ತಪ್ಪಿನಿಂದಲೇ ನಾವಿಬ್ಬರೂ ಆ ದಿನ ಮಡಿಕೇರಿಯಲ್ಲಿ ಇಳಿದದ್ದು. ಆದರೆ ಅದು ತಪ್ಪು ಎಂದು ಬೆಳಿಗ್ಗೆ ನನಗೆ ಗೊತ್ತಿರಲಿಲ್ಲ.

ಅಕ್ಕ ಸಂಪಾಜೆ ಕಡೆಯಿಂದ ಘಟ್ಟ ಹತ್ತಿ ಬಂದಿದ್ದಳು, ನಾನು ಕುಶಾಲನಗರದಿಂದ. ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು. ಈ ಊರನ್ನು ಕಣ್ಣಿನಿಂದಲ್ಲ, ಕಿವಿಯಿಂದ ಬರೆಯಬೇಕು ಎಂಬ ಹುಚ್ಚು ಆ ವರ್ಷ ನನಗೆ ಹಿಡಿದಿತ್ತು. ವಾಲಗದವರ ಮನೆ, ಕೋಟೆ, ರಾಜರ ಸಮಾಧಿಯ ಗದ್ದಿಗೆ ಎಂದು ಪಟ್ಟಿ ಮಾಡಿಕೊಂಡು ಬಂದಿದ್ದೆ. ಅಕ್ಕನ ಕೈಯಲ್ಲಿ ಮಗಳ ಮದುವೆಯ ಕರೆಯೋಲೆಗಳ ಕಟ್ಟು ಮತ್ತು ಅಕ್ಕಿರೊಟ್ಟಿಯ ಡಬ್ಬಿ.

ಅವಳು ನನ್ನ ಪಟ್ಟಿ ಓದಿ, "ಏ ಗೂಡೆ, ನೀ ಊರ್ ನೋಡಿಕೆ ಬಂದದಾ, ಅಮ್ಮನ ಹುಡ್ಕಿಕೆ ಬಂದದಾ?" ಎಂದಳು. ಗೂಡೆ ಎಂದರೆ ಹುಡುಗಿ. ನನಗೆ ಐವತ್ತೆರಡು.

ಅಮ್ಮನನ್ನು ಹುಡುಕುವುದು ಎಂದರೆ ಅಮ್ಮನ ದನಿಯನ್ನು ಹುಡುಕುವುದು. ನಮ್ಮ ಅರೆಭಾಷೆ ಗೌಡರ ಮದುವೆಗಳಲ್ಲಿ ಹೆಂಗಸರು ಸೇರಿ ಶೋಬಾನೆ ಹಾಡುತ್ತಾರೆ. ಹೆಣ್ಣನ್ನು ಗಂಡಿನ ಕಡೆಯವರಿಗೆ ಒಪ್ಪಿಸುವ ಹೊತ್ತಿಗೆ ಹಾಡುವ ಒಂದು ಪದವನ್ನು ನಮ್ಮ ಮನೆಯಲ್ಲಿ ಅಮ್ಮನೇ ಹಾಡುತ್ತಿದ್ದಳು. ಅವಳಿಗೆ ಅವಳ ಅಜ್ಜಿಯಿಂದ ಬಂದದ್ದು. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಪೂರ್ತಿ ಬಾರದು. ಅಕ್ಕನಿಗೆ ಮುಕ್ಕಾಲು ಬರುತ್ತದೆ. ನನಗೆ ಏನೂ ಬಾರದು, ಏಕೆಂದರೆ ಕಲಿಯುವ ವಯಸ್ಸಿನಲ್ಲಿ ಹೆಂಗಸರ ಗುಂಪಿನಲ್ಲಿ ಕೂತು ರಾಗ ಎಳೆಯುವುದು ನನಗೆ ನಾಚಿಕೆಯ ವಿಷಯವಾಗಿತ್ತು. ಅಮ್ಮ ತೀರಿಕೊಂಡು ಆರು ವರ್ಷ. ಬರುವ ಭಾನುವಾರದ ಆಚೆಯ ಭಾನುವಾರ ಅಕ್ಕ ತನ್ನ ಮಗಳಿಗೆ ಅದನ್ನು ಹಾಡಬೇಕಿತ್ತು. ಆದರೆ ಕೊನೆಯ ಸಾಲು ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಆ ಸಾಲಿನಲ್ಲಿ ಹೊಸ್ತಿಲು ದಾಟುವ ಮಗಳಿಗೆ ತಾಯಿ ತಿರುಗಿ ನೋಡುವ ಮಾತು ಹೇಳುತ್ತಾಳೆ. ನೋಡಬೇಕು ಎನ್ನುತ್ತಾಳೋ, ನೋಡಬೇಡ ಎನ್ನುತ್ತಾಳೋ? ನಮ್ಮ ಮಾತಿನಲ್ಲಿ ಬೇಕು ಎನ್ನುವುದು ಬೊಕು, ಬೇಡ ಎನ್ನುವುದು ಬೊಡ. "ತಿರ್ಗಿ ನೋಡ್‌ಬೊ..." ಎಂದು ರಾಗ ಉದ್ದಕ್ಕೆ ಎಳೆದ ಮೇಲೆ ಕೊನೆಯ ಅಕ್ಷರ ಉಸಿರಿನಲ್ಲಿ ಮುಳುಗಿಹೋಗುತ್ತದೆ. ಮೂರು ದಶಕಗಳ ಹಿಂದೆ ತನ್ನ ಮದುವೆಯಲ್ಲಿ ಅಕ್ಕನಿಗೆ ಕೇಳಿಸಿದ್ದು ಬೊಕು. ಅವಳು ತಿರುಗಿ ನೋಡಿದಳು. ಅಮ್ಮ ಅಷ್ಟರಲ್ಲಿ ಬೆನ್ನು ಹಾಕಿ ಒಳಗೆ ಹೋಗುತ್ತಿದ್ದಳು. ಬೊಡ ಎಂದೇ ಹೇಳಿದ್ದಳೇನೋ, ಹೇಳಿದ್ದನ್ನು ತಾನು ಮೀರಿದೆನೇನೋ ಎಂಬುದು ಅಂದಿನಿಂದ ಅಕ್ಕನನ್ನು ಕೊರೆಯುತ್ತಿತ್ತು. ಅಮ್ಮ ಇದ್ದಾಗ ಕೇಳಬಹುದಿತ್ತಲ್ಲ ಎಂದರೆ, "ಅದ್ನೆಲ್ಲ ಕೇಳಿಕೆ ಆದಾ?" ಎನ್ನುತ್ತಾಳೆ.

ಅಮ್ಮ ಒಮ್ಮೆ ರೇಡಿಯೋದಲ್ಲಿ ಹಾಡಿದ್ದಳು. ಈ ವಾಕ್ಯವನ್ನು ಹೀಗೆಯೇ ಒಂದು ಪ್ರಬಂಧದಲ್ಲಿ ಬರೆದಿದ್ದೆ, ಅದು ಪತ್ರಿಕೆಯೊಂದರ ಸಾಪ್ತಾಹಿಕದಲ್ಲಿ ಬಂದಿತ್ತು. ಅದನ್ನು ಓದಿ ಮಡಿಕೇರಿಯ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿ, ಹಿಂದೆ ರೇಡಿಯೋದಿಂದ ಹಿಡಿದ ಶೋಬಾನೆಯ ಕ್ಯಾಸೆಟ್ ಒಂದು ತಮ್ಮಲ್ಲಿದೆ, ಬಂದರೆ ಕೇಳಿಸುತ್ತೇನೆ ಎಂದರು. ಮೂರು ಗಂಟೆಗೆ ಬನ್ನಿ ಎಂದಿದ್ದರು. ಅಲ್ಲಿಯವರೆಗೆ ಊರು ನನ್ನದು.

ಮೊದಲು ವಾಲಗದವರ ಮನೆಗೆ ಹೋದೆವು, ಮಾರ್ಕೆಟಿನ ಹಿಂದಿನ ಇಳಿಜಾರಿನಲ್ಲಿ. ಮದುವೆಗೆ ಇವರನ್ನೇ ಗೊತ್ತು ಮಾಡಿದ್ದರಿಂದ ಅಕ್ಕನಿಗೂ ಅಲ್ಲಿ ಕೆಲಸವಿತ್ತು. ತಂಡದ ಹಿರಿಯರೊಬ್ಬರು ಗೋಡೆಯ ಮೇಲಿನ ಕೊಂಬನ್ನು ಹಳೆಯ ಬೆಡ್‌ಶೀಟಿನಿಂದ ಬಿಚ್ಚಿ ತೋರಿಸಿದರು. ಅರ್ಧ ಚಂದ್ರನಂತೆ ಬಾಗಿದ ಆ ಹಿತ್ತಾಳೆಯ ಬಾಯಿಗೆ ಕಿವಿ ಕೊಟ್ಟೆ. ಏನೂ ಕೇಳಿಸಲಿಲ್ಲ, ತಣ್ಣಗಿತ್ತು.

ಹೆಣ್ಣು ಒಪ್ಪಿಸುವಾಗಿನ ಪದದ ಕೊನೆಯ ಸಾಲು ಗೊತ್ತೇ ಎಂದು ಅಕ್ಕ ಕೇಳಿದಳು.

"ಅಯ್ಯೋ ಅಕ್ಕ, ಶೋಬಾನೆ ಶುರುವಾಯ್ತು ಅಂದ್ರೆ ನಮಗೆ ರೆಸ್ಟ್ ಅಲ್ವಾ? ಡೋಲು ಕೆಳಗಿಟ್ಟು ಆಚೆ ಹೋಗಿ ಬೀಡಿ ಹಚ್ಚೋದು. ಇಷ್ಟು ವರ್ಷದಲ್ಲಿ ಒಂದು ಪದ ಪೂರ್ತಿ ಕೇಳಿಲ್ಲ."

"ಮತ್ತೆ ವಾಪಸ್ ಶುರು ಮಾಡೋದು ಯಾವಾಗ ಅಂತ ಹೆಂಗೆ ಗೊತ್ತಾಗ್ತದೆ?"

"ಹೆಂಗಸರು ಮೂಗು ಒರೆಸೋದು ಕಂಡ್ರೆ ನಾವು ಊದೋದು."

"ಇಷ್ಟು ಬೀಡಿ ಎಳೆದ್ರೂ ನಿಮಗೆ ಊದಕ್ಕೆ ಉಸಿರು ಉಳಿದದಲ್ಲ!"

"ಹೊಗೆ ಬೇಕು ಅಕ್ಕ. ಜೀಪಿಗೆ ಆಯಿಲ್ ಇದ್ದ ಹಾಗೆ."

ಅಕ್ಕ ನಕ್ಕು ಅವರಿಗೊಂದು ಕರೆಯೋಲೆ ಕೊಟ್ಟಳು. ದುಡ್ಡು ತೆಗೆದುಕೊಂಡು ಊದಲು ಬರುವವರಿಗೆ ಕರೆಯೋಲೆ ಯಾಕೆ ಎಂದು ನಾನು ಆಮೇಲೆ ಕೇಳಿದ್ದಕ್ಕೆ, "ಊಟಕ್ಕೆ ಕೂರುವವಕ್ಕೆ ಕಾಗ್ದ ಕೊಡೊಕು" ಎಂದಳು.

ಕೋಟೆಯೊಳಗೆ ಕಲ್ಲುಗಾರೆಯ ಎರಡು ಆನೆಗಳಿವೆ. ಅವುಗಳ ಸೊಂಡಿಲು ಹಿಡಿದು ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. ರಾಜರ ಕಾಲದಲ್ಲಿ ಈ ಅಂಗಳದಲ್ಲಿ ಏನು ನುಡಿಸುತ್ತಿದ್ದರು ಎಂದು ಬೋರ್ಡುಗಳಲ್ಲಿ ಹುಡುಕಿದೆ. ಕಟ್ಟಿಸಿದವರ ವಿವರ ಇತ್ತು, ಸದ್ದಿನ ವಿವರ ಇರಲಿಲ್ಲ. ಅಕ್ಕ ಆನೆಯ ನೆರಳಲ್ಲಿ ಕೂತು ರೊಟ್ಟಿ ಬಿಚ್ಚಿದಳು. ಹೊರಗೆ ಬರುವಾಗ ಯಾವುದೋ ಕಟ್ಟಡದ ಮಾಳಿಗೆಯಿಂದ ದುಡಿ ಎಂಬ ಪುಟ್ಟ ಚರ್ಮವಾದ್ಯದ ಸದ್ದು ಕೇಳಿಸಿತು. ನಾಲ್ಕು ಗಂಡಸರು ಕೊಡವ ಹಾಡಿನ ಅಭ್ಯಾಸ ಮಾಡುತ್ತಿದ್ದರು. ಇಬ್ಬರು ಒಂದು ಸಾಲು ಹೇಳುವುದು, ಇನ್ನಿಬ್ಬರು ಅದನ್ನೇ ಎತ್ತಿಕೊಳ್ಳುವುದು. ನಾವು ಕಿಟಕಿಯ ಕೆಳಗೆ ನಿಂತೆವು. ಅಪ್ಪ ಕಾಫಿ ಕಣದಲ್ಲಿ ಹಣ್ಣು ಕೆದಕುವಾಗ ಗುನುಗುತ್ತಿದ್ದದ್ದು ಇದೇ ಧಾಟಿ. ಅವನ ಭಾಷೆ ಅದಲ್ಲ, ಅರ್ಥ ಅರ್ಧವಷ್ಟೇ ಗೊತ್ತು. ಪಕ್ಕದ ತೋಟದವರ ಮನೆಯಿಂದ ಕಿವಿಗೆ ಬಿದ್ದು ಅಂಟಿಕೊಂಡದ್ದು. ಕಣದ ಮರದ ಗೋರು ಸಿಮೆಂಟಿನ ಮೇಲೆ ಸರ್ರನೆ ಸರಿಯುವುದು, ಬಿಸಿಲಿಗೆ ಕಾದ ಕಾಫಿಯ ಹುಳಿವಾಸನೆ, ಅಪ್ಪನ ಬೆನ್ನು. ಇಷ್ಟನ್ನು ದುಡಿಯ ನಾಲ್ಕು ಪೆಟ್ಟು ಎಳೆದು ತಂದವು. ಅಕ್ಕನ ಮುಖ ನೋಡಿದರೆ ಅವಳಿಗೂ ಅದೇ ಕಾಣುತ್ತಿತ್ತು ಎನ್ನಬಹುದು. ಆದರೆ ಅವಳು ಹೇಳಿದ್ದು, "ಎರಡೂಮುಕ್ಕಾಲು ಆತ್" ಎಂದಷ್ಟೇ.

ಮೇಷ್ಟ್ರ ಮನೆ ಗದ್ದಿಗೆಯ ಆಚೆಯ ಏರಿನಲ್ಲಿತ್ತು. ಅವರಿಗೆ ಎಂಬತ್ತರ ಮೇಲಿರಬೇಕು, ಇಸ್ತ್ರಿ ಹಾಕಿದ ಅಂಗಿ. ಕ್ಯಾಸೆಟ್ಟುಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ಜೋಡಿಸಿಟ್ಟಿದ್ದರು. ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಮನೆಯವರೆಲ್ಲ ಕೆಮ್ಮದಂತೆ ನೋಡಿಕೊಂಡು ಹಿಡಿದದ್ದಂತೆ. ನಮ್ಮದನ್ನು ಮೊದಲೇ ತೆಗೆದು ಮೇಜಿನ ಮೇಲಿಟ್ಟಿದ್ದರು. ಅಕ್ಕ ಕನ್ನಡಕ ಹಾಕಿಕೊಂಡು ಲೇಬಲ್ ಓದಿದಳು. ಮೊದಲು 'ಶೋಬಾನೆ, ನಾಲ್ಕು ಮಹಿಳೆಯರು' ಎಂದಿತ್ತು. ಅದರ ಕೆಳಗೆ ನಮ್ಮ ಅಮ್ಮನ ಪೂರ್ತಿ ಹೆಸರು, ಊರಿನ ಸಮೇತ.

"ನೋಡ್, ಬರ್ದುಟು!" ಎಂದು ಅಕ್ಕ ನನ್ನ ತೋಳು ಹಿಡಿದಳು.

ಮೇಷ್ಟ್ರು ಗುಂಡಿ ಒತ್ತಿದರು. ಯಂತ್ರದೊಳಗಿನ ಬೆಲ್ಟು ಸಡಿಲವಾಗಿದ್ದರಿಂದ ಟೇಪು ನಿಧಾನಕ್ಕೆ ಓಡಿತು. ಹೆಂಗಸರ ದನಿಗಳೆಲ್ಲ ಒಂದು ಮೆಟ್ಟಿಲು ಕೆಳಗಿಳಿದು, ಗಂಟಲಲ್ಲಿ ಹತ್ತಿ ಇಟ್ಟುಕೊಂಡು ಹಾಡಿದಂತೆ ಕೇಳಿಸಿತು. ಪದ ನಮ್ಮದೇ. ಎತ್ತಿಕೊಳ್ಳುವ ಒಂದು ದನಿ, ಹಿಂದೆ ಬರುವ ಮೂರು. ಅಕ್ಕ ಕಣ್ಣು ಮುಚ್ಚಿದಳು.

"ಎತ್ತಿಕೊಡ್ದು ಅಮ್ಮನೇ."

"ಅಮ್ಮನ ದನಿ ತೆಳು ಅಲ್ವಾ?" ಎಂದೆ ನಾನು.

"ಬೆಲ್ಟ್ ಕಣಮ್ಮ, ಬೆಲ್ಟು," ಎಂದರು ಮೇಷ್ಟ್ರು.

"ಶೋ ಅಂದ ಮೇಲೆ ಉಸ್ರು ತೆಗ್ದ್ ಬಾನೆ ಅಂದದ್ ಕೇಳ್ತಾ? ಅಮ್ಮ ಹಂಗೇ."

ಕೇಳಿಸಿತ್ತು. ಆದರೆ ಅಲ್ಲಿ ಉಸಿರು ತೆಗೆಯದೆ ಯಾರಿಗಾದರೂ ಹಾಡಲಾಗುತ್ತದೆಯೇ ಎಂಬುದೂ ನನಗೆ ಗೊತ್ತಿರಲಿಲ್ಲ. ನಾನು ಹಾಡಿದವಳಲ್ಲ. ಅಕ್ಕನ ತುಟಿ ಟೇಪಿನ ಜೊತೆ ಆಡತೊಡಗಿತು. ಮರೆತ ಸಾಲುಗಳು ಬಂದಾಗ ಕರೆಯೋಲೆಯ ಬೆನ್ನಿನ ಮೇಲೆ ಅವಸರದಲ್ಲಿ ಗೀಚಿಕೊಂಡಳು. ಕೊನೆಯ ನುಡಿ ಬಂತು. ಹೊಸ್ತಿಲು ಬಂತು. "ತಿರ್ಗಿ ನೋಡ್‌ಬೊ..." ಎಂದು ದನಿ ಏರುತ್ತಿದ್ದಂತೆ ಹಾಡಿನ ಸದ್ದು ತಗ್ಗಿ, ಅದರ ಮೇಲೆ ಗಂಡಸಿನ ಸ್ಪಷ್ಟವಾದ ಪುಸ್ತಕದ ಕನ್ನಡ ಬಂದು ಕೂತಿತು. ಇದುವರೆಗೆ ಹಾಡಿದವರು ಮಡಿಕೇರಿ ಸುತ್ತಲಿನ ಮಹಿಳೆಯರು ಎಂದಿತು. ಹೆಸರುಗಳನ್ನು ಹೇಳಲಿಲ್ಲ. ಮುಂದೆ ಕೃಷಿ ವಿಷಯ.

ಮೇಷ್ಟ್ರು ಮೂರು ಸಲ ಹಿಂದಕ್ಕೆ ತಿರುಗಿಸಿದರು. ಮೂರು ಸಲವೂ ಬೊ ಆದ ಮೇಲೆ ಆ ಗಂಡಸು.

"ಹೋಗಲಿ ಬಿಡ್," ಎಂದಳು ಅಕ್ಕ, ಕರೆಯೋಲೆಯನ್ನು ಮಡಚುತ್ತ. "ಅಮ್ಮನ ದನಿ ಆದ್ರೂ ಸಿಕ್ಕಿತ್ತಲ್ಲ."

ನಾನು ಸುಮ್ಮನಿರಬಹುದಿತ್ತು. ಲೇಬಲ್ಲಿನ ಎರಡು ಸಾಲುಗಳ ಶಾಯಿ ಬೇರೆ ಬೇರೆಯಾಗಿತ್ತು. ಮೇಲಿನದು ಮಾಸಿತ್ತು, ಅಮ್ಮನ ಹೆಸರು ಕಡುನೀಲಿ. ಹೆಸರು ತಮಗೆ ಹೇಗೆ ತಿಳಿಯಿತು ಎಂದು ಕೇಳಿದೆ.

ಮೇಷ್ಟ್ರಿಗೆ ಆಶ್ಚರ್ಯವಾಯಿತು. "ನೀವೇ ಹೆಸರು, ಊರು ಸಮೇತ ಬರೆದಿದ್ದೀರಲ್ಲ? ರೇಡಿಯೋದಲ್ಲಿ ಹಾಡಿದ್ದಳು ಅಂತ. ಅದನ್ನ ಓದಿಯೇ ಸೇರಿಸಿದೆ. ಇಂಥದ್ದನ್ನ ಬಿಟ್ಟರೆ ಹೋಯಿತು, ದಾಖಲೆ ಆಗಬೇಕು."

ಅಕ್ಕ ನನ್ನ ಕಡೆ ತಿರುಗಿದಳು. "ಅಮ್ಮ ಹೇಳ್ತಿದ್ದದ್ ಹೆಂಗೆ? ನೆಂಪು ಮಾಡ್."

ನೆನಪಿತ್ತು. ಇದೊಂದು ನೆನಪನ್ನು ನಾನು ಅನುಮಾನಿಸುವುದಿಲ್ಲ. "ನಾ ರೇಡಿಯಾಲಿ ಹಾಡ್ದೆ ಗಡ." ಗಡ ಎನ್ನುವುದು ನಮ್ಮವರ ಬಾಲದ ಮಾತು, ಕನ್ನಡದ ಅಂತೆ ಇದ್ದ ಹಾಗೆ. ಕಣ್ಣಾರೆ ಕಂಡದ್ದಕ್ಕೆ ಗಡ ಹಾಕುವುದಿಲ್ಲ. ಬೇರೆಯವರು ಹೇಳಿದ್ದಕ್ಕೆ ಹಾಕದೆ ಬಿಡುವುದಿಲ್ಲ. ತಾನು ಹಾಡಿದ್ದಕ್ಕೆ ತಾನೇ ಗಡ ಹಾಕಿಕೊಂಡವಳು ಅಮ್ಮ ಒಬ್ಬಳೇ ಇರಬೇಕು. ಮಡಿಕೇರಿಯ ಯಾವುದೋ ಶಾಲೆಯ ಕೋಣೆಯಲ್ಲಿ ಹತ್ತಿಪ್ಪತ್ತು ಹೆಂಗಸರ ಜೊತೆ ಯಂತ್ರದ ಮುಂದೆ ಕೂತು ಹಾಡಿಬಂದಿದ್ದಳು. ಪ್ರಸಾರದ ದಿನ ನಮ್ಮ ರೇಡಿಯೋದಲ್ಲಿ ಸೆಲ್ ಇರಲಿಲ್ಲ. ಬಂತು ಎಂದು ನೆರೆಯವರು ಯಾರೋ ಹೇಳಿದರು. ಯಾರ ಹಾಡು ಬಂತು, ಯಾರದ್ದನ್ನು ಬಿಟ್ಟರು, ಅವಳಿಗೆ ಗೊತ್ತಿಲ್ಲ. ಆಗ ಅಕ್ಕ ಗಂಡನ ಮನೆಯಲ್ಲಿ, ನಾನು ಮೈಸೂರಿನ ಹಾಸ್ಟೆಲಿನಲ್ಲಿ. ಅಮ್ಮ ಕೊನೆಯವರೆಗೂ ಗಡ ಬಿಡಲಿಲ್ಲ. ನಾನು ಪ್ರಬಂಧ ಬರೆಯುವಾಗ ಬಿಟ್ಟೆ. 'ಹಾಡಿದ್ದಳಂತೆ' ಎಂದರೆ ಸ್ವಂತ ಮಗಳೇ ನಂಬದ ಹಾಗೆ ಕಾಣುತ್ತದೆ, ವಾಕ್ಯಕ್ಕೆ ಬೆನ್ನೆಲುಬಿರುವುದಿಲ್ಲ ಎಂದುಕೊಂಡಿದ್ದೆ.

"ನೀ ಗಡ ತಿಂದ್ ಹಾಕಿದ್ದಿಯಾ?" ಎಂದಳು ಅಕ್ಕ. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅವರು ಲೇಬಲ್ ನೋಡಿ, ಪೆನ್ನು ತೆಗೆದು, ಅಮ್ಮನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಹೊರಟರು. ಅಕ್ಕ ಅವರ ಕೈ ಹಿಡಿದಳು.

"ಇರಲಿ ಮೇಷ್ಟ್ರೇ. ಅಳಿಸಬೇಡಿ."

"ಅಳಿಸುವುದಲ್ಲಮ್ಮ, ಒಂದು ಚಿಹ್ನೆ."

"ಅದೂ ಬೇಡ."

ಅವರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. ಇಳಿಜಾರಿನಲ್ಲಿ ಅಕ್ಕ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬಸ್ಸು ಹತ್ತುವಾಗ, "ನಿನ್ನ ಬರವಣಿಗೆ ಚಂದ ಇದ್ದದ್ ಹೌದು," ಎಂದಳು. ಅದು ಬೈಗುಳವೇ ಇರಬೇಕು.

ಮದುವೆಯ ದಿನ ಮಧ್ಯಾಹ್ನ ಹೆಣ್ಣು ಒಪ್ಪಿಸುವ ಹೊತ್ತಿಗೆ ವಾಲಗ ನಿಂತಿತು. ಅಕ್ಕ ಒಬ್ಬಳೇ ಎತ್ತಿಕೊಂಡಳು, ನಾಲ್ಕೈದು ಹೆಂಗಸರು ಶೋಬಾನೆ ಎಂದಷ್ಟೇ ಹಿಂದೆ ಸೇರಿಸಿದರು. ನಾನು ಹತ್ತು ಅಡಿ ದೂರದಲ್ಲಿದ್ದೆ, ಈ ಸಲ ಕೇಳಿಯೇ ಕೇಳುತ್ತೇನೆ ಎಂದು ತೀರ್ಮಾನಿಸಿ. ಹೊಸ್ತಿಲಿನ ನುಡಿ ಬಂದಾಗ ಅಕ್ಕ ಮಗಳ ತಲೆಯನ್ನು ಎಳೆದು ತನ್ನ ಭುಜಕ್ಕೆ ಒತ್ತಿಕೊಂಡಳು. ಕೊನೆಯ ಸಾಲನ್ನು ಅವಳ ಕಿವಿಯೊಳಗೇ ಹಾಡಿದಳು. ರಾಗ ಏರಿದ್ದು ಕೇಳಿಸಿತು, ಮಾತು ಕೇಳಿಸಲಿಲ್ಲ. ಹುಡುಗಿ ಮೆಟ್ಟಿಲಿಳಿದು ಕಾರಿನ ಬಾಗಿಲ ಬಳಿ ಒಮ್ಮೆ ತಿರುಗಿದಳು. ಹೇಳಿದ್ದಕ್ಕೆ ತಿರುಗಿದಳೋ, ಬಾಗಿಲಿಗೆ ಸಿಕ್ಕಿದ ಸೆರಗನ್ನು ಬಿಡಿಸಿಕೊಳ್ಳಲೋ. ಅಕ್ಕ ಅಲ್ಲೇ ನಿಂತಿದ್ದಳು, ಒಳಗೆ ಹೋಗಲಿಲ್ಲ.

ವಾರ ಕಳೆದ ಮೇಲೆ ಹುಡುಗಿಯನ್ನು ಫೋನಿನಲ್ಲಿ ಕೇಳಿದೆ. "ಚಿಕ್ಕಮ್ಮ, ನಾ ಮರ್ಡ್ತಾ ಇದ್ದೆ, ಏನೂ ಕೇಳ್ತ್‌ಲೆ," ಎಂದಳು, ತಾನು ಅಳುತ್ತಿದ್ದೆ, ಏನೂ ಕೇಳಿಸಲಿಲ್ಲ ಎಂಬರ್ಥದಲ್ಲಿ. ಅಕ್ಕನನ್ನು ಕೇಳಿದರೆ, "ಅಮ್ಮ ಹಾಡ್ದದ್ನೇ ಹಾಡ್ದೆ," ಎನ್ನುತ್ತಾಳೆ. ಅಮ್ಮ ಹಾಡಿದ್ದು ಯಾವುದು, ನನಗೆ ಗೊತ್ತಿಲ್ಲ. ಟೇಪಿನಲ್ಲಿದ್ದವಳು ಅಮ್ಮನೇ ಹೌದೋ ಅಲ್ಲವೋ ಎಂಬುದೂ ಗೊತ್ತಿಲ್ಲ.