ಭೂಮಿಕಾ ಮರೆತಿರಲಿಲ್ಲ

ಭೂಮಿಕಾಳಿಗೆ ಚಿಕ್ಕಂದಿನಿಂದಲೂ ಉಗ್ಗು. ಹೈಸ್ಕೂಲಿನಲ್ಲಿ ಮನೋಹರ ಮಾಸ್ತರರು ಬೇಕೆಂದೇ ಅವಳನ್ನು ಎಬ್ಬಿಸಿ ಪದ್ಯ ಓದಿಸುತ್ತಿದ್ದರು. ಆಮೇಲೆ ಅವಳಂತೆಯೇ ಉಗ್ಗಿ ತೋರಿಸುತ್ತಿದ್ದರು. ತರಗತಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು.

ಈಗ ಅವಳು ಶಿರಸಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಕಳೆದ ತಿಂಗಳು ಅದೇ ಶಾಲೆಯವರು ಮಕ್ಕಳಿಗೆ ನಾಲ್ಕು ಬುದ್ಧಿಮಾತು ಹೇಳಲು ಹಳೆಯ ವಿದ್ಯಾರ್ಥಿಗಳನ್ನು ಕರೆಸಿದರು. ಮೊದಲು ಮಾತಾಡಿದವರು, ಆಗಲೇ ಇಂಗ್ಲಿಷ್ ಕಲಿಯಬೇಕಿತ್ತು, ಮೊಬೈಲ್ ಬಿಡಬೇಕಿತ್ತು ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮನೋಹರ ಮಾಸ್ತರರು ತಲೆದೂಗಿದರು.

ಭೂಮಿಕಾ ಮೈಕ್ ಹಿಡಿದಳು. "ಹೈಸ್ಕೂಲಿನ ಆ ಭೂಮಿಕಾ ಸಿಕ್ಕರೆ ಅ... ಅವಳಿಗೆ ಒಂದೇ ಮಾತು ಹೇಳ್ತೀನಿ. ಅಳಬ್ಯಾಡ, ನಗಿಸಿದವರ ಹೆಸರು ನೆನಪಿಟ್ಕೋ." ಮಾಸ್ತರರ ಕಡೆ ತಿರುಗಿದಳು. "ಮನೋಹರ ಸರ್, ನಾ ಹೆಂಗ ಓದ್ತಿದ್ದೆ ಅಂತ ಈ ಮಕ್ಕಳಿಗೂ ಒಮ್ಮೆ ಮಾ... ಮಾಡಿ ತೋರಿಸ್ರಿ."

ಯಾರೂ ನಗಲಿಲ್ಲ. ಮಾಸ್ತರರು ಎದ್ದರು, ಮತ್ತೆ ಕೂತರು. ಹೆಡ್ ಮಾಸ್ತರರು ಬಂದು ಮೈಕ್ ಕಸಿದುಕೊಳ್ಳುವ ತನಕ ಭೂಮಿಕಾ ಅದನ್ನು ಅವರತ್ತ ಚಾಚಿಕೊಂಡೇ ನಿಂತಿದ್ದಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. "ವಯಸ್ಸಾದವರು, ಅಷ್ಟು ಬೇಕಿತ್ತೇನ?" ಎಂದಳು ತಾಯಿ.

"ಇನ್ನೂ ಸ್ವ... ಸ್ವಲ್ಪ ಬೇಕಿತ್ತವ್ವಾ," ಎಂದು ಭೂಮಿಕಾ ಕೈಕಾಲು ತೊಳೆದು ಊಟಕ್ಕೆ ಕೂತಳು.