‘ಬೇಡ’ ಒತ್ತಿದ ನನ್ನ ಓದುಗರು

ಪುತ್ತೂರಿನ ಒಂದು ಸುದ್ದಿ ವೆಬ್‌ಸೈಟಿಗೆ ಎರಡು ವರ್ಷ ಪ್ರತಿ ಸೋಮವಾರ ಬರೆದೆ. ಕಾನ್ವೆಂಟಿನ ಸಿಸ್ಟರುಗಳು, ಹಾಸ್ಟೆಲಿನ ಗಂಜಿ, ಉಪ್ಪಿನಂಗಡಿಯಲ್ಲಿ ಹೊಳೆ ರಸ್ತೆಗೆ ಬಂದ ದಿನ ಪರೀಕ್ಷೆಗೆ ಹೋದ ಪಾಡು, ಇಂಥವೇ. ಕಡಬದಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳಿಗೆ, ವಾರಕ್ಕೊಮ್ಮೆ ಯಾರಾದರೂ ಕಿವಿಗೊಟ್ಟರೆ ಸಾಕಿತ್ತು.

ಕಳೆದ ಬೇಸಗೆಯಲ್ಲಿ ಸೈಟಿನ ಸಂಪಾದಕ ಆಫೀಸಿಗೆ ಕರೆದ. ನನ್ನ ಹಳೇ ಸ್ಟೂಡೆಂಟ್.

“ಟೀಚರೇ, ಬೇಸರ ಮಾಡ್ಬೇಡಿ. ನಿಮ್ಮ ಕಾಲಂ ಓದುದು ವಾರಕ್ಕೆ ನಲವತ್ತೊಂದು ಜನ.”

“ದೀಪಾವಳಿಗೆ ನೀನೇ ಆರುನೂರು ಅಂದಿದ್ದಿಯಲ್ಲ?”

“ಅದು ಬೇರೆ ಟೂಲಿನ ಲೆಕ್ಕ.”

ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ಹಳೇ ಟೂಲು ಸೈಟಿನ ಸರ್ವರಿನಲ್ಲೇ ಕೂತು, ಪುಟದ ಬಾಗಿಲು ತಟ್ಟಿದವರನ್ನೆಲ್ಲ ಬರೆದುಕೊಳ್ಳುತ್ತದಂತೆ. ಮನುಷ್ಯರು, ಹುಡುಕಾಟದ ಕಂಪೆನಿಗಳು ಕಳಿಸುವ ಯಂತ್ರಗಳು, ಒಂದು ಕಾಮಾ ಸರಿಯಿದೆಯೋ ಎಂದು ನಾಲ್ಕು ಸಲ ತೆರೆದು ನೋಡುವ ನಾನು, ಎಲ್ಲ ಅದಕ್ಕೆ ಒಂದೇ. ಹೊಸದು ಪುಟದೊಳಗಿನ ಎಣಿಕೆ. ‘ನಿಮ್ಮ ಲೆಕ್ಕ ಇಡಬಹುದೇ’ ಎಂದು ಕೆಳಗೆ ಬರುವ ಸೂಚನೆಗೆ ಓದುಗ ‘ಒಪ್ಪುತ್ತೇನೆ’ ಎಂದು ಒತ್ತಿದರೆ ಮಾತ್ರ ಅದು ಏಳುತ್ತದೆ. ‘ಬೇಡ’ ಒತ್ತಿದವರು ಕೊನೆಯ ಸಾಲಿನವರೆಗೆ ಓದಿದರೂ ಅದರ ಪಾಲಿಗೆ ಹುಟ್ಟಿಯೇ ಇಲ್ಲ.

“ಜಾಹೀರಾತಿನವರು ನಂಬುದು ಹೊಸದನ್ನೇ. ಹಳೆಯದರಲ್ಲಿ ಅರ್ಧಕ್ಕರ್ಧ ಮೆಷಿನ್‌ಗಳೇ ಉಂಟು.”

“ಉಳಿದ ಅರ್ಧ?”

“ಯಾರೋ ‘ಬೇಡ’ ಒತ್ತುವವರು. ಯಾರು ಅಂತ ನನಗೆಂತ ಗೊತ್ತು? ಒಂದು ತಿಂಗಳು ನೋಡುವ ಟೀಚರೇ. ಏರದಿದ್ದರೆ ಕಾಲಂ ನಿಲ್ಲಿಸಬೇಕಾಗ್ತದೆ.”

ನನಗೆ ಗೊತ್ತಿತ್ತು.

ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಹನ್ನೊಂದು ಹೆಂಗಸರು ಬೀಡಿ ಕಟ್ಟುತ್ತಾರೆ. ಹತ್ತು ಜನರ ಕೈ ಎಲೆಯಲ್ಲಿ, ಒಬ್ಬಳ ಕೈಯಲ್ಲಿ ಫೋನು. ಸೋಮವಾರ ಅವಳು ನನ್ನ ಕಾಲಂ ಜೋರಾಗಿ ಓದುತ್ತಾಳೆ. ನಾನು ಬರೆಯಲು ಶುರುಮಾಡುವ ಮೊದಲೇ ಒಮ್ಮೆ ಅವರಲ್ಲೊಬ್ಬಳು ಫೋನು ಕೇಳಿದ್ದಕ್ಕೆಲ್ಲ ಹೌದು ಹೌದು ಎಂದು ಒತ್ತಿ, ಅದರಲ್ಲಿ ನೋಡಬಾರದ ಚಿತ್ರಗಳೇ ಬರತೊಡಗಿದ್ದವು. ಅಳುತ್ತಾ ನನ್ನ ಹತ್ತಿರ ಬಂದಳು. ನಾನು ಎಲ್ಲರನ್ನೂ ಕೂರಿಸಿ ಕ್ಲಾಸು ತೆಗೆದುಕೊಂಡೆ. ಫೋನು ಎಂತ ಕೇಳಿದರೂ ‘ಬೇಡ’ ಒತ್ತಬೇಕು. ಯಾರ ಹೆಸರಲ್ಲಿ ಕೇಳಿದರೂ. ಅಪರಿಚಿತರಿಗೆ ‘ನೋ, ಥ್ಯಾಂಕ್ ಯೂ’ ಎಂದು ಸಿಸ್ಟರ್ ನಮ್ಮಿಂದ ಹೇಳಿಸುತ್ತಿದ್ದರಲ್ಲ, ಅದೇ ಧಾಟಿಯಲ್ಲಿ ನಾನೂ ಹೇಳಿಸಿದೆ. ಅವರು ಅದನ್ನು ಸುಳ್ಯದ, ಈಶ್ವರಮಂಗಲದ ತಮ್ಮ ಅಕ್ಕತಂಗಿಯರಿಗೂ ಕಲಿಸಿದರು. ನನ್ನ ಸರ್ವೀಸಿನಲ್ಲಿ ಯಾವ ಕ್ಲಾಸೂ ನನ್ನ ಮಾತನ್ನು ಇಷ್ಟು ಪಾಲಿಸಿದ್ದಿಲ್ಲ.

ಮನೆಗೆ ಬಂದವಳೇ ಅವರ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದೆ: ‘ನನ್ನ ಲೇಖನ ತೆರೆದಾಗ ಒಪ್ಪುತ್ತೇನೆ ಅಂತ ಒತ್ತಿ, ಪ್ಲೀಸ್.’ ಉತ್ತರ ಇಲ್ಲ. ಮೂರು ದಿನ ಕಾದು ಜಗಲಿಗೇ ಹೋದೆ.

“ಬನ್ನಿ ಟೀಚರೇ. ನಿಮ್ಮ ಫೋನು ಯಾರೋ ಹ್ಯಾಕ್ ಮಾಡಿದ್ದಾರೆ,” ಎಂದಳು ಓದುವವಳು. “ಒಪ್ಪುತ್ತೇನೆ ಒತ್ತಿ ಅಂತ ಮೆಸೇಜು. ನಾವು ಬಿಡ್ತೇವಾ? ಎಲ್ಲರೂ ನಿಮ್ಮ ನಂಬರ್ ಬ್ಲಾಕ್ ಮಾಡಿದೆವು.”

“ಪ್ಲೀಸ್ ಅಂತ ಬೇರೆ,” ಎಂದು ಇನ್ನೊಬ್ಬಳು ನೂಲು ಸುತ್ತುತ್ತಲೇ ನಕ್ಕಳು. “ನಮ್ಮ ಟೀಚರ್ ಯಾವತ್ತು ಪ್ಲೀಸ್ ಹೇಳಿದ್ದು ಮಾರಾಯ್ತಿ? ಅಲ್ಲಿಯೇ ಗೊತ್ತಾಯಿತು.”

ಅದು ನಾನೇ ಎನ್ನಬೇಕಿತ್ತು. ಹೆದರಿಸಿ ಕಲಿಸಿದ್ದನ್ನು, ನನ್ನನ್ನು ಯಾರೋ ಎಣಿಸಬೇಕು ಎಂಬುದಕ್ಕಾಗಿ ಬಿಡಿ ಎಂದು ಬೇಡುವುದು ಹೇಗೆ? ಅಹಂಕಾರ ಅನ್ನಿ ಬೇಕಾದರೆ. ಅವರು ಒತ್ತಿದರೂ ಆ ಜಗಲಿ ಒಂದು ಫೋನು, ಒಂದು ಎಣಿಕೆ. ಕೇಳುತ್ತಾ ಬೀಡಿ ಕಟ್ಟುವ ಹತ್ತು ಜನ ಹಳೇ ಟೂಲಿಗೂ ಇಲ್ಲ, ಹೊಸದಕ್ಕೂ ಇಲ್ಲ.

“ಗುಡ್ ಗರ್ಲ್ಸ್,” ಎಂದೆ. “ಒಳ್ಳೇದು ಮಾಡಿದಿರಿ.”

ತಿಂಗಳು ಮುಗಿಯಿತು. ಆ ಸೋಮವಾರ ನಾನೂ ಜಗಲಿಯಲ್ಲಿ ಕೂತಿದ್ದೆ. ನನ್ನ ಕಾಲಮಿನ ಜಾಗದಲ್ಲಿ ಚಿನ್ನದ ದರ ಬಂದಿತ್ತು. ಅವಳು ಮೊದಲು ‘ಬೇಡ’ ಒತ್ತಿ, ಆಮೇಲೆ ಅದನ್ನೇ ಜೋರಾಗಿ ಓದಿದಳು. ಎಲ್ಲರೂ ಕೇಳಿದರು.